ಅಮೆರಿಕದ ‘ಬೋರ್ಡ್ ಸರ್ಟಿಫಿಕೇಟ್’ ಜಗಳ: ಡಾಕ್ಟರಿಗೆ ಸರ್ಟಿಫಿಕೇಟ್ ಯಾರು ಕೊಡಬೇಕು?

ನಮ್ಮ ದೊಡ್ಡಮ್ಮನ ಮಗಳು ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ಡಾಕ್ಟರ್, ಅಂದರೆ ಆಪರೇಷನ್ ಮಾಡದೆ ದೊಡ್ಡವರ ಕಾಯಿಲೆಗಳನ್ನು ನೋಡುವವಳು. ಹೋದ ಸಲ ಊರಿಗೆ ಬಂದಾಗ ಒಂದು ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು ಕೂತಳು. ಪರದೆಯ ಮೇಲೆ ಒಂದು ಪ್ರಶ್ನೆ, ಕೆಳಗೆ ಉತ್ತರದ ಆಯ್ಕೆಗಳು, ಜೊತೆಗೆ ಓಡುತ್ತಿರುವ ಗಡಿಯಾರ. ಒಂದೊಂದು ಪ್ರಶ್ನೆಗೂ 4 ನಿಮಿಷ. ಅಮ್ಮ ಇಣುಕಿ ನೋಡಿ, "ಪುಟ್ಟೀ, ಇನ್ನೂ ಪರೀಕ್ಷೆ ಮುಗಿದಿಲ್ವೇನೇ ನಿಂದು? ಮಗ ಕಾಲೇಜಿಗೆ ಹೋಗೋ ವಯಸ್ಸಾಯ್ತಲ್ಲೇ" ಅಂದರು. ಅಕ್ಕ ನಕ್ಕು, "ಇದು ಮುಗಿಯೋ ಪರೀಕ್ಷೆ ಅಲ್ಲ ಚಿಕ್ಕಮ್ಮ" ಅಂದಳು.

ಮುಗಿಯದ ಪರೀಕ್ಷೆ ಅಂದರೇನು? ಯಾರು ಮಾಡ್ತಾರೆ? ಬರೆಯದಿದ್ದರೆ ಏನಾಗುತ್ತೆ? ಇದನ್ನು ಕೇಳುತ್ತಾ ಹೋದಾಗ ತಿಳಿದದ್ದು, ಅಮೆರಿಕದ ಡಾಕ್ಟರುಗಳ ನಡುವೆ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದರ ಬಗ್ಗೆ ದೊಡ್ಡ ಜಗಳವೇ ನಡೆದಿದೆ. ನಮಗೂ ಇದಕ್ಕೂ ಸಂಬಂಧ ಇಲ್ಲದೆ ಇಲ್ಲ. ಅಮೆರಿಕದಲ್ಲಿ ಕೆಲಸ ಮಾಡುವ ಡಾಕ್ಟರುಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೊರದೇಶಗಳಲ್ಲಿ ಓದಿದವರು. ಅವರಲ್ಲಿ ಕರ್ನಾಟಕದ ಮೆಡಿಕಲ್ ಕಾಲೇಜುಗಳಿಂದ ಹೋದವರೂ ಬಹಳ ಜನ ಇದ್ದಾರೆ. ಅಲ್ಲಿಂದ ವಾಪಸ್ ಬಂದವರ ಹೆಸರಿನ ಕೆಳಗೆ ‘ಅಮೆರಿಕನ್ ಬೋರ್ಡ್ ಸರ್ಟಿಫೈಡ್’ ಅಂತ ಬರೆದಿರುವುದನ್ನು ಬೆಂಗಳೂರಿನ ಆಸ್ಪತ್ರೆಗಳಲ್ಲಿ ನೀವೂ ನೋಡಿರಬಹುದು.

## ಲೈಸೆನ್ಸ್ ಬೇರೆ, ಬೋರ್ಡ್ ಬೇರೆ

ಬಹಳ ಜನ ಎಡವುವುದು ಇಲ್ಲೇ. ಅಮೆರಿಕದಲ್ಲಿ ಡಾಕ್ಟರ್ ಆಗಿ ಕೆಲಸ ಮಾಡಲು ಬೇಕಾದದ್ದು ಲೈಸೆನ್ಸ್. ಅದನ್ನು ಕೊಡುವುದು ಆಯಾ ರಾಜ್ಯದ ಮೆಡಿಕಲ್ ಬೋರ್ಡ್. ಅದು ಸರ್ಕಾರಿ ವ್ಯವಸ್ಥೆ. ನಮ್ಮಲ್ಲಿ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದ ಹಾಗೆ. ಲೈಸೆನ್ಸ್ ಇಲ್ಲದೆ ಯಾರ ನಾಡಿಯನ್ನೂ ಹಿಡಿಯುವಂತಿಲ್ಲ.

‘ಬೋರ್ಡ್ ಸರ್ಟಿಫಿಕೇಟ್’ ಅನ್ನುವಾಗ ಬರುವ ಬೋರ್ಡ್ ಇದಲ್ಲ. ಅದು ಖಾಸಗಿ ಸಂಸ್ಥೆ. ಲಾಭಕ್ಕಾಗಿ ನಡೆಸುವುದಲ್ಲ, ಆದರೆ ಸರ್ಕಾರದ್ದೂ ಅಲ್ಲ. ಹೃದಯ, ಮಕ್ಕಳು, ಅರಿವಳಿಕೆ, ಕಣ್ಣು ಹೀಗೆ ಒಂದೊಂದು ವಿಭಾಗಕ್ಕೂ ಅದನ್ನು ನೋಡಿಕೊಳ್ಳುವ ಬೋರ್ಡ್ ಇದೆ. ರೆಸಿಡೆನ್ಸಿ ಅಂದರೆ ಸ್ಪೆಷಲಿಸ್ಟ್ ತರಬೇತಿ ಮುಗಿಸಿದವರು ಆ ಬೋರ್ಡಿನ ಪರೀಕ್ಷೆ ಬರೆಯುತ್ತಾರೆ. ಪಾಸಾದರೆ ‘ಈ ವಿಭಾಗದಲ್ಲಿ ಇವರಿಗೆ ಪರಿಣತಿ ಇದೆ’ ಎಂದು ಬೋರ್ಡ್ ಸರ್ಟಿಫಿಕೇಟ್ ಕೊಡುತ್ತದೆ.

ಇದು ಶುರುವಾದದ್ದು ಕಣ್ಣಿನ ಡಾಕ್ಟರುಗಳಿಂದ, 1916ರಲ್ಲಿ. ಆಗ ಯಾರು ಬೇಕಾದರೂ ತಾನು ಕಣ್ಣಿನ ಸ್ಪೆಷಲಿಸ್ಟ್ ಎಂದು ಹೇಳಿಕೊಳ್ಳಬಹುದಿತ್ತು. ನಿಜವಾಗಿ ಕಲಿತವರು ಯಾರು, ಸುಮ್ನೆ ಬಾಗಿಲಿಗೆ ನಾಮಫಲಕ ಹಾಕಿಕೊಂಡವರು ಯಾರು ಅಂತ ಜನರಿಗೆ ಗೊತ್ತಾಗುವುದು ಹೇಗೆ? ಅದಕ್ಕೆ ಆ ವೃತ್ತಿಯವರೇ ಸೇರಿ ಒಂದು ಪರೀಕ್ಷೆ ಮಾಡಿಕೊಂಡರು. ಬೇರೆ ವಿಭಾಗದವರೂ ಅದೇ ದಾರಿ ಹಿಡಿದರು. 1933ರಲ್ಲಿ ಇವುಗಳಿಗೆಲ್ಲ ಒಂದು ಒಕ್ಕೂಟ ಆಯಿತು. ಇವತ್ತು ಅದರ ಹೆಸರು ಅಮೆರಿಕನ್ ಬೋರ್ಡ್ ಆಫ್ ಮೆಡಿಕಲ್ ಸ್ಪೆಷಾಲಿಟೀಸ್, ಚಿಕ್ಕದಾಗಿ ಎಬಿಎಂಎಸ್. ಅದರ ಅಡಿಯಲ್ಲಿ 24 ಬೋರ್ಡುಗಳಿವೆ. ಅವು ಸರ್ಟಿಫಿಕೇಟ್ ಕೊಟ್ಟ ಡಾಕ್ಟರುಗಳ ಸಂಖ್ಯೆ 9 ಲಕ್ಷಕ್ಕೂ ಜಾಸ್ತಿ.

ಕಾನೂನಿನ ಪ್ರಕಾರ ಈ ಸರ್ಟಿಫಿಕೇಟ್ ಕಡ್ಡಾಯ ಅಲ್ಲ, ಇಷ್ಟ ಇದ್ದರೆ ತೆಗೆದುಕೊಳ್ಳಬಹುದು. ಆದರೆ ಅದು ಇಲ್ಲದಿದ್ದರೆ ಬಹಳಷ್ಟು ಆಸ್ಪತ್ರೆಗಳು ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ, ಕೆಲವು ಇನ್ಶೂರೆನ್ಸ್ ಕಂಪನಿಗಳು ತಮ್ಮ ಪಟ್ಟಿಗೆ ಹಾಕಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಇನ್ಶೂರೆನ್ಸ್ ಪಟ್ಟಿಯಲ್ಲಿ ಹೆಸರಿಲ್ಲದ ಡಾಕ್ಟರ ಹತ್ತಿರ ರೋಗಿಗಳು ಬರುವುದೇ ಕಷ್ಟ. ಹೆಸರಿಗೆ ಐಚ್ಛಿಕ, ನಿಜದಲ್ಲಿ ಹೊಟ್ಟೆಪಾಡಿನ ಪ್ರಶ್ನೆ. ಜಗಳದ ಬೇರು ಇರುವುದು ಈ ಅಂತರದಲ್ಲಿ.

## ಮೊದಲು ಒಂದೇ ಸಲ ಪಾಸಾದರೆ ಸಾಕಿತ್ತು

ಮೊದಲ ಪರೀಕ್ಷೆಯ ಬಗ್ಗೆ ಅಷ್ಟಾಗಿ ತಕರಾರಿಲ್ಲ. ತರಬೇತಿ ಮುಗಿಸಿ ಬಂದವರು ಒಂದು ಕಟ್ಟುನಿಟ್ಟಿನ ಪರೀಕ್ಷೆ ಬರೆಯಲಿ ಎನ್ನುವುದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಜಗಳ ಇರುವುದು ಆಮೇಲಿನದರ ಬಗ್ಗೆ.

ಹಿಂದೆ ಬಹುತೇಕ ಬೋರ್ಡುಗಳ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತಿತ್ತು. 1969ರಲ್ಲಿ ಶುರುವಾದ ಫ್ಯಾಮಿಲಿ ಮೆಡಿಸಿನ್ ಬೋರ್ಡ್ ಮೊದಲಿನಿಂದಲೇ ಅವಧಿ ಇಟ್ಟಿತು. ಎಲ್ಲಕ್ಕಿಂತ ದೊಡ್ಡದಾದ ಇಂಟರ್ನಲ್ ಮೆಡಿಸಿನ್ ಬೋರ್ಡ್, ಅಂದರೆ ಎಬಿಐಎಂ, 1990ರಿಂದ ಕೊಟ್ಟ ಸರ್ಟಿಫಿಕೇಟುಗಳಿಗೆ 10 ವರ್ಷದ ಗಡುವು ಹಾಕಿತು. ಹತ್ತು ವರ್ಷ ಆದ ಮೇಲೆ ಮತ್ತೆ ಪರೀಕ್ಷೆ. 1990ಕ್ಕಿಂತ ಮೊದಲು ಪಾಸಾದವರಿಗೆ ಈ ಗಡುವು ಇಲ್ಲ. ಅಲ್ಲಿನವರು ಇವರನ್ನು ‘ಗ್ರ್ಯಾಂಡ್‌ಫಾದರ್’ ಗುಂಪು ಎನ್ನುತ್ತಾರೆ. ಒಂದೇ ಆಸ್ಪತ್ರೆ, ಒಂದೇ ಕೆಲಸ. 1989ರಲ್ಲಿ ಪಾಸಾದವರಿಗೆ ಜೀವನಪೂರ್ತಿ ಸರ್ಟಿಫಿಕೇಟ್, 1991ರಲ್ಲಿ ಪಾಸಾದವರಿಗೆ ಹತ್ತು ವರ್ಷಕ್ಕೊಮ್ಮೆ ಪರೀಕ್ಷೆ. ವಯಸ್ಸಾದವರೇ ಮರಳಿ ಓದಬೇಕಾಗಿಲ್ಲ, ಚಿಕ್ಕವರು ಓದಬೇಕು ಅಂದರೆ ಯಾರಿಗಾದರೂ ಮನಸ್ಸಿಗೆ ಚುಚ್ಚುತ್ತದೆ ಅಲ್ವಾ?

2000ದಲ್ಲಿ ಎಬಿಎಂಎಸ್ ಇನ್ನೊಂದು ಹೆಜ್ಜೆ ಇಟ್ಟಿತು. ಹತ್ತು ವರ್ಷಕ್ಕೊಮ್ಮೆ ಪರೀಕ್ಷೆ ಮಾತ್ರ ಸಾಲದು, ನಡುವೆಯೂ ಕಲಿಕೆ ಮತ್ತು ಕೆಲಸದ ಗುಣಮಟ್ಟದ ಲೆಕ್ಕ ತೋರಿಸಬೇಕು ಎಂದಿತು. ಇದಕ್ಕೆ ‘ಮೆಂಟೆನೆನ್ಸ್ ಆಫ್ ಸರ್ಟಿಫಿಕೇಷನ್’ ಎಂದು ಹೆಸರು. ಎಲ್ಲರೂ ಎಂಒಸಿ ಅಂತಾರೆ. ಸರ್ಟಿಫಿಕೇಟನ್ನು ಉಳಿಸಿಕೊಳ್ಳುವ ಕೆಲಸ ಅಂತ ಅರ್ಥ.

## 2014ರಲ್ಲಿ ಕಟ್ಟೆ ಒಡೆಯಿತು

2014ರಲ್ಲಿ ಎಬಿಐಎಂ ನಿಯಮ ಇನ್ನಷ್ಟು ಬಿಗಿ ಮಾಡಿತು. ಎರಡು ವರ್ಷಕ್ಕೊಮ್ಮೆ ಏನಾದರೂ ಮಾಡಿ ತೋರಿಸಬೇಕು, ಐದು ವರ್ಷಕ್ಕೆ ಇಷ್ಟು ಅಂಕ ಸೇರಿಸಬೇಕು, ಜೊತೆಗೆ ಹತ್ತು ವರ್ಷದ ಪರೀಕ್ಷೆ ಇದ್ದೇ ಇದೆ. ಡಾಕ್ಟರುಗಳು ರೇಗಿದರು. ದಿನದ ಕೆಲಸಕ್ಕೆ ಉಪಯೋಗವಾಗದ ಫಾರಂಗಳನ್ನು ತುಂಬುತ್ತಾ ಕೂರಬೇಕು, ಅದಕ್ಕೆ ದುಡ್ಡೂ ಕಟ್ಟಬೇಕು ಎನ್ನುವುದು ಅವರ ದೂರು.

ಕ್ಯಾಲಿಫೋರ್ನಿಯಾದ ಹೃದಯ ತಜ್ಞ ಪಾಲ್ ಟೈರ್‌ಸ್ಟೀನ್ ಶುರು ಮಾಡಿದ ಮನವಿಗೆ ಸುಮಾರು 20,000 ಡಾಕ್ಟರುಗಳು ಸಹಿ ಹಾಕಿದರು. 2015ರ ಫೆಬ್ರವರಿಯಲ್ಲಿ ಎಬಿಐಎಂ ಅಧ್ಯಕ್ಷ ರಿಚರ್ಡ್ ಬ್ಯಾರನ್ ಬಹಿರಂಗವಾಗಿ ತಪ್ಪೊಪ್ಪಿಕೊಂಡರು. ತಯಾರಾಗದ ಕಾರ್ಯಕ್ರಮವನ್ನು ಜಾರಿ ಮಾಡಿದೆವು, ಡಾಕ್ಟರುಗಳಿಗೆ ಅರ್ಥಪೂರ್ಣ ಅನ್ನಿಸುವಂಥದ್ದು ಕೊಡಲಿಲ್ಲ ಎಂದು ಬರೆದರು. ಕೆಲವು ಷರತ್ತುಗಳನ್ನು ತಡೆಹಿಡಿದರು. ಇಷ್ಟು ದೊಡ್ಡ ಸಂಸ್ಥೆ ಹೀಗೆ ನೇರವಾಗಿ ತಪ್ಪೊಪ್ಪಿಕೊಳ್ಳುವುದು ಅಪರೂಪ. ಅದಕ್ಕೆ ಮೆಚ್ಚುಗೆ ಸಲ್ಲಬೇಕು.

ಖರ್ಚು ಎಷ್ಟು? 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ಒಬ್ಬ ಇಂಟರ್ನಲ್ ಮೆಡಿಸಿನ್ ಡಾಕ್ಟರಿಗೆ ಹತ್ತು ವರ್ಷಕ್ಕೆ ಸರಾಸರಿ 23,607 ಡಾಲರ್. ಇದರಲ್ಲಿ ಬೋರ್ಡಿಗೆ ಕಟ್ಟುವ ಶುಲ್ಕ ಸಣ್ಣ ಪಾಲು. ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಡಾಕ್ಟರ ಸಮಯದ ಬೆಲೆ. ಈ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. ಆ ಸಮಯ ಬರುವುದು ರೋಗಿಯನ್ನು ನೋಡುವ ಹೊತ್ತಿನಿಂದ, ಇಲ್ಲವೇ ಮನೆಯವರ ಜೊತೆ ಕಳೆಯುವ ಹೊತ್ತಿನಿಂದ.

## ಇನ್ನೊಂದು ಬಾಗಿಲು

ಟೈರ್‌ಸ್ಟೀನ್ ಮನವಿಗೇ ನಿಲ್ಲಿಸಲಿಲ್ಲ. 2015ರಲ್ಲಿ ಅವರೂ ಜೊತೆಗಾರರೂ ಸೇರಿ ನ್ಯಾಷನಲ್ ಬೋರ್ಡ್ ಆಫ್ ಫಿಸಿಶಿಯನ್ಸ್ ಆ್ಯಂಡ್ ಸರ್ಜನ್ಸ್ ಎಂಬ ಬೇರೆ ಸಂಸ್ಥೆಯನ್ನೇ ಕಟ್ಟಿದರು. ಚಿಕ್ಕದಾಗಿ ಎನ್‌ಬಿಪಿಎಎಸ್. ‘ಡಾಕ್ಟರಿಗೆ ಆಯ್ಕೆ ಇರಲಿ’ ಎನ್ನುವ ಮಾತು ಬಂದಾಗೆಲ್ಲ ಈ ಹೆಸರು ಬರುತ್ತದೆ.

ಇದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಇದು ಪರೀಕ್ಷೆಯೇ ಬರೆಯದವರಿಗೆ ಹಿತ್ತಲ ಬಾಗಿಲಿನಿಂದ ಕೊಡುವ ಸರ್ಟಿಫಿಕೇಟ್ ಅಲ್ಲ. ಮೊದಲು ಎಬಿಎಂಎಸ್ ಬೋರ್ಡಿನ, ಇಲ್ಲವೇ ಆಸ್ಟಿಯೋಪಥಿ (ಅಮೆರಿಕದಲ್ಲಿರುವ ಇನ್ನೊಂದು ಬಗೆಯ ವೈದ್ಯ ಪದವಿ) ಡಾಕ್ಟರುಗಳ ಬೋರ್ಡಿನ ಪರೀಕ್ಷೆಯನ್ನು ಒಮ್ಮೆ ಪಾಸಾಗಿರಲೇಬೇಕು. ನಿರ್ಬಂಧ ಇಲ್ಲದ ಲೈಸೆನ್ಸ್ ಇರಬೇಕು. ಸಾಮಾನ್ಯವಾಗಿ ಕಳೆದ ಎರಡು ವರ್ಷದಲ್ಲಿ 50 ಗಂಟೆ ಮುಂದುವರಿದ ವೈದ್ಯಕೀಯ ಕಲಿಕೆ ಮಾಡಿರಬೇಕು. ಇದನ್ನು ಸಿಎಂಇ ಎನ್ನುತ್ತಾರೆ. ಮಾನ್ಯತೆ ಇರುವ ಉಪನ್ಯಾಸ, ಸಮ್ಮೇಳನ, ಆನ್‌ಲೈನ್ ಪಾಠ ಎಲ್ಲ ಇದರಲ್ಲಿ ಸೇರುತ್ತವೆ. ಇಷ್ಟಿದ್ದರೆ ಮರುಪರೀಕ್ಷೆ ಇಲ್ಲದೆ ಸರ್ಟಿಫಿಕೇಟ್ ನವೀಕರಣ ಆಗುತ್ತದೆ. ಅಂದರೆ ಮೊದಲ ಸಲ ಎಲ್ಲರಿಗೂ ಅದೇ ಬಾಗಿಲು, ನವೀಕರಣಕ್ಕೆ ಮಾತ್ರ ಇನ್ನೊಂದು ಬಾಗಿಲು.

ನಮ್ಮ ದೇಶದಲ್ಲೂ ಎರಡು ಬಾಗಿಲಿನ ವ್ಯವಸ್ಥೆ ಹೊಸದಲ್ಲ. ಸ್ಪೆಷಲಿಸ್ಟ್ ಆಗಲು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಕಡೆ ಎಂಡಿ, ಎಂಎಸ್ ಮಾಡಬಹುದು. ಇಲ್ಲವೇ ನಮ್ಮ ದೇಶದ್ದೇ ಆದ ನ್ಯಾಷನಲ್ ಬೋರ್ಡ್ ಆಫ್ ಎಕ್ಸಾಮಿನೇಷನ್ಸ್ ನಡೆಸುವ ಡಿಎನ್‌ಬಿ ಮಾಡಬಹುದು. ನಮ್ಮ ಎರಡು ಬಾಗಿಲಿರುವುದು ಒಳಗೆ ಹೋಗುವಾಗ, ಅವರು ಕೇಳುತ್ತಿರುವುದು ಒಳಗೆ ಉಳಿಯಲು. ಇನ್ನು ಕಲಿಕೆ ಮುಂದುವರಿಸುವ ವಿಷಯ ನೋಡಿದರೆ, 2002ರ ವೃತ್ತಿ ನಿಯಮಗಳಲ್ಲಿ ಇಲ್ಲಿನ ಡಾಕ್ಟರುಗಳಿಗೆ ಹೇಳಿದ್ದು ಐದು ವರ್ಷಕ್ಕೆ 30 ಗಂಟೆ. ಎನ್‌ಬಿಪಿಎಎಸ್ ಕೇಳುವುದು ಅದಕ್ಕಿಂತ ಬಹಳ ಜಾಸ್ತಿ.

## ಮರುಪರೀಕ್ಷೆಯಿಂದ ರೋಗಿಗೆ ಲಾಭ ಇದೆಯಾ?

ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಇದೇ. ಡಾಕ್ಟರಿಗೆ ಕಷ್ಟ ಆಗುತ್ತದೆ ಅನ್ನುವುದು ಒಂದು ಮಾತು. ಆದರೆ ಆ ಕಷ್ಟದಿಂದ ನಮ್ಮ ಪ್ರಾಣಕ್ಕೆ ಉಪಯೋಗ ಆಗುವುದಾದರೆ ಅವರು ಕಷ್ಟಪಡಲಿ ಎಂದೇ ಹೇಳಬೇಕಾಗುತ್ತದೆ.

ಮೊದಲು ಬೋರ್ಡುಗಳ ಕಡೆಯ ಗಟ್ಟಿ ವಾದ ಕೇಳೋಣ. ಅನುಭವ ಹೆಚ್ಚಾದಷ್ಟೂ ಡಾಕ್ಟರ್ ಒಳ್ಳೆಯವರಾಗುತ್ತಾರೆ ಎಂದು ನಾವೆಲ್ಲ ನಂಬುತ್ತೇವೆ. 2005ರಲ್ಲಿ 62 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ ಇದಕ್ಕೆ ಉಲ್ಟಾ ಹೇಳಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಧ್ಯಯನಗಳಲ್ಲಿ, ವೃತ್ತಿಯಲ್ಲಿ ವರ್ಷ ಕಳೆದ ಹಾಗೆ ಅಳೆದ ಎಲ್ಲ ಗುಣಮಟ್ಟವೂ ಕಡಿಮೆಯಾಗುತ್ತಾ ಹೋಗಿತ್ತು. ಹೊಸ ಔಷಧಿ, ಹೊಸ ವಿಧಾನ ಬರುತ್ತಲೇ ಇರುತ್ತವೆ, ಹಳೆಯದು ಕೈಬಿಡುವುದಿಲ್ಲ. ಮರುವರ್ಷ ಬಂದ ಇನ್ನೊಂದು ವಿಮರ್ಶೆ ತೋರಿಸಿದ್ದು, ತನಗೆ ಏನು ಗೊತ್ತಿಲ್ಲ ಎನ್ನುವುದನ್ನು ಡಾಕ್ಟರುಗಳು ತಾವೇ ಸರಿಯಾಗಿ ಅಳೆದುಕೊಳ್ಳಲಾರರು ಎಂದು. ಹಾಗಾಗಿ ಹೊರಗಿನವರು ಅಳೆಯಬೇಕು ಎನ್ನುತ್ತವೆ ಬೋರ್ಡುಗಳು. ಇದನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಆದರೆ ಕಲಿಯುತ್ತಾ ಇರಬೇಕು ಎನ್ನುವುದು ಒಂದು ಮಾತು, ಈ ಪರೀಕ್ಷೆಯೇ ಬೇಕು ಎನ್ನುವುದು ಇನ್ನೊಂದು. ಗ್ರ್ಯಾಂಡ್‌ಫಾದರ್ ನಿಯಮದಿಂದ ಒಂದು ಅನುಕೂಲ ಆಗಿತ್ತು. ಮರುಪರೀಕ್ಷೆ ಬರೆಯಬೇಕಾದವರನ್ನೂ ಬೇಡವಾದವರನ್ನೂ ಪಕ್ಕಪಕ್ಕ ಇಟ್ಟು ನೋಡಬಹುದಿತ್ತು. 2014ರ ಡಿಸೆಂಬರಿನಲ್ಲಿ ಎರಡು ಅಧ್ಯಯನಗಳು ಒಟ್ಟಿಗೆ ಬಂದವು. ಒಂದರಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳ ಡಾಕ್ಟರುಗಳನ್ನು 10 ಮಾನದಂಡಗಳಲ್ಲಿ ಹೋಲಿಸಿದರು. ವ್ಯತ್ಯಾಸ ಕಾಣಲಿಲ್ಲ. ಇನ್ನೊಂದರಲ್ಲಿ 1989ರ ಮತ್ತು 1991ರ ಗುಂಪುಗಳನ್ನು ಹೋಲಿಸಿದರು. ಸರಿಯಾಗಿ ನೋಡಿಕೊಂಡರೆ ತಪ್ಪಿಸಬಹುದಾದ ಆಸ್ಪತ್ರೆ ದಾಖಲಾತಿಗಳಲ್ಲಿ ವ್ಯತ್ಯಾಸ ಇರಲಿಲ್ಲ. ಖರ್ಚಿನ ಏರಿಕೆ ಮಾತ್ರ ಮರುಪರೀಕ್ಷೆಯ ಗುಂಪಿನಲ್ಲಿ ತುಸು ಕಡಿಮೆ ಇತ್ತು.

2018ರಲ್ಲಿ ಎಬಿಐಎಂ ಕಡೆಯ ಸಂಶೋಧಕರ ಅಧ್ಯಯನವೊಂದು, ಸರ್ಟಿಫಿಕೇಟ್ ಉಳಿಸಿಕೊಂಡವರು ಸಕ್ಕರೆ ಕಾಯಿಲೆಯವರ ತಪಾಸಣೆಯಂಥ ಕೆಲವು ವಿಷಯಗಳಲ್ಲಿ ಸ್ವಲ್ಪ ಮುಂದಿದ್ದಾರೆ ಎಂದಿತು. ಆದರೆ ಮುಂದಿದ್ದದ್ದು ಪರೀಕ್ಷೆಯಿಂದಲೋ, ಅಥವಾ ಶಿಸ್ತಿನವರೇ ಪರೀಕ್ಷೆ ಬರೆಯುತ್ತಾರೋ? ಅದು ಇಂಥ ಅಧ್ಯಯನದಿಂದ ಬಿಡಿಸಿ ಹೇಳಲು ಬರುವುದಿಲ್ಲ. ಮೊದಲ ಪರೀಕ್ಷೆಗಿರುವ ಬೆಂಬಲ ಮರುಪರೀಕ್ಷೆಗೆ ಇನ್ನೂ ಸಿಕ್ಕಿಲ್ಲ. ಹಾಗಿರುವಾಗ ಒಂದೇ ದಾರಿಯನ್ನು ಎಲ್ಲರ ಮೇಲೆ ಹೇರುವುದು ಸರಿಯಲ್ಲ ಎನ್ನುವ ಡಾಕ್ಟರುಗಳ ಮಾತಿನಲ್ಲಿ ನನಗೆ ನ್ಯಾಯ ಕಾಣುತ್ತದೆ.

## ಗ್ಯಾಸ್ ಕನೆಕ್ಷನ್ ಜೊತೆ ಸ್ಟೌವ್

2018ರ ಡಿಸೆಂಬರಿನಲ್ಲಿ ಕೆಲವು ಡಾಕ್ಟರುಗಳು ಪೆನ್ಸಿಲ್ವೇನಿಯಾದ ಫೆಡರಲ್ ಕೋರ್ಟಿನಲ್ಲಿ ಎಬಿಐಎಂ ಮೇಲೆ ದಾವೆ ಹೂಡಿದರು. ಅವರ ವಾದ ನಮಗೆ ಬೇಗ ಅರ್ಥವಾಗುತ್ತದೆ. ಒಂದು ಕಾಲದಲ್ಲಿ ಗ್ಯಾಸ್ ಕನೆಕ್ಷನ್ ಕೇಳಲು ಹೋದರೆ "ಸ್ಟೌವ್ ಕೂಡ ನಮ್ಮಲ್ಲೇ ತಗೊಳ್ಳಿ" ಎನ್ನುವ ಏಜೆನ್ಸಿಗಳಿದ್ದವು. ಕನೆಕ್ಷನ್ ಬೇರೆ ಕಡೆ ಸಿಗುವುದಿಲ್ಲ, ಹಾಗಾಗಿ ಬೇಡದ ಸ್ಟೌವನ್ನೂ ಕೊಳ್ಳಬೇಕಿತ್ತು. ಹೀಗೆ ಒಂದಕ್ಕೆ ಇನ್ನೊಂದನ್ನು ಗಂಟು ಹಾಕಿ ಮಾರುವುದು ಅಮೆರಿಕದ ಪೈಪೋಟಿ ಕಾನೂನಿನಲ್ಲಿ ತಪ್ಪಾಗಬಹುದು. ಮೊದಲ ಸರ್ಟಿಫಿಕೇಟ್ ಒಂದು ವಸ್ತು, ಎಂಒಸಿ ಇನ್ನೊಂದು, ಎರಡನ್ನೂ ಗಂಟು ಹಾಕಿದ್ದಾರೆ ಎಂದು ಡಾಕ್ಟರುಗಳು ಹೇಳಿದರು.

ಕೋರ್ಟ್ ಒಪ್ಪಲಿಲ್ಲ. ಇವು ಎರಡು ವಸ್ತುಗಳಲ್ಲ, ಒಂದೇ ಸರ್ಟಿಫಿಕೇಟಿನ ಎರಡು ಹಂತ ಎಂದಿತು. ಸ್ಟೌವಿನ ಹೋಲಿಕೆಯನ್ನೇ ಮುಂದುವರಿಸಿದರೆ, ಇದು ಸ್ಟೌವ್ ಅಲ್ಲ, ಕನೆಕ್ಷನ್ನಿನ ನವೀಕರಣ ಎಂದ ಹಾಗೆ. 2021ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಾನೂನಿನ ದಾರಿ ಅಲ್ಲಿಗೆ ಬಹುಪಾಲು ಮುಚ್ಚಿತು. ಆದರೆ ಕೋರ್ಟ್ ನೋಡಿದ್ದು ಪೈಪೋಟಿ ಕಾನೂನು ಮುರಿಯಿತೋ ಇಲ್ಲವೋ ಎಂದು. ಎಂಒಸಿ ರೋಗಿಗೆ ಒಳ್ಳೆಯದೋ ಕೆಟ್ಟದ್ದೋ ಎನ್ನುವುದನ್ನು ಅದು ತೀರ್ಮಾನಿಸಲಿಲ್ಲ.

## ಕೀಲಿ ಇರುವುದು ಆಸ್ಪತ್ರೆಯ ಕೈಯಲ್ಲಿ

ರಾಜ್ಯ ಸರ್ಕಾರಗಳೂ ಕೈಹಾಕಿದವು. 2016ರಲ್ಲಿ ಒಕ್ಲಹೋಮ ಒಂದು ಕಾನೂನು ತಂದಿತು. ಲೈಸೆನ್ಸ್ ಕೊಡುವುದಕ್ಕೆ ಎಂಒಸಿ ಕಡ್ಡಾಯ ಮಾಡುವಂತಿಲ್ಲ ಎನ್ನುವುದು ಅದರ ತಿರುಳು. 2017ರಲ್ಲಿ ಟೆಕ್ಸಾಸ್ ಆಸ್ಪತ್ರೆಗಳನ್ನೂ ಸೇರಿಸಿತು. ಆದರೆ ಆಸ್ಪತ್ರೆಯ ಡಾಕ್ಟರುಗಳೇ ಮತ ಹಾಕಿ ‘ನಮಗೆ ಎಂಒಸಿ ಬೇಕು’ ಎಂದರೆ ಇಟ್ಟುಕೊಳ್ಳಬಹುದು ಎಂದು ದಾರಿ ಬಿಟ್ಟಿತು. ಮೇರಿಲ್ಯಾಂಡಿನ ಒಂದು ಮಸೂದೆ ಬಗ್ಗೆ 2018ರಲ್ಲಿ ಅಮೆರಿಕದ ನ್ಯಾಯ ಇಲಾಖೆಯೇ ಪತ್ರ ಬರೆದು, ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳ ನಡುವೆ ಪೈಪೋಟಿಗೆ ಅವಕಾಶ ಮಾಡುವ ದಾರಿಗಳನ್ನು ಯೋಚಿಸಿ ಎಂದಿತು.

ಇಷ್ಟಾದರೂ ದಿನನಿತ್ಯದ ತೀರ್ಮಾನ ಆಗುವುದು ಒಂದೊಂದು ಆಸ್ಪತ್ರೆಯ ಒಳಗಿನ ನಿಯಮದಲ್ಲಿ. ಅದನ್ನು ಬೈಲಾ ಎನ್ನುತ್ತಾರೆ. ‘ಎಬಿಎಂಎಸ್ ಬೋರ್ಡಿನ ಚಾಲ್ತಿ ಸರ್ಟಿಫಿಕೇಟ್ ಇರಬೇಕು’ ಎಂಬ ಒಂದು ಸಾಲು ಬೈಲಾದಲ್ಲಿದ್ದರೆ, ಎನ್‌ಬಿಪಿಎಎಸ್ ಕಾಗದ ಅಲ್ಲಿ ನಡೆಯುವುದಿಲ್ಲ. ‘ಅಥವಾ ಎನ್‌ಬಿಪಿಎಎಸ್’ ಎಂದು ಸೇರಿಸಿದರೆ ನಡೆಯುತ್ತದೆ. ಆಯ್ಕೆ ಬೇಕು ಎನ್ನುವವರು ಊರಿಂದೂರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಕೇಳುತ್ತಿರುವುದು ಈ ಒಂದು ಮಾತನ್ನು. ದೊಡ್ಡ ನಗರದಲ್ಲಿ ಡಾಕ್ಟರುಗಳು ಬೇಕಾದಷ್ಟಿರುತ್ತಾರೆ. ದೂರದ ಸಣ್ಣ ಊರಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದ ಡಾಕ್ಟರ್ "ಈ ವಯಸ್ಸಲ್ಲಿ ಮತ್ತೆ ಯಾಕೆ" ಎಂದು ನಿವೃತ್ತಿ ತೆಗೆದುಕೊಂಡರೆ, ಅಲ್ಲಿನ ರೋಗಿಗಳು ಮುಂದಿನ ಊರಿಗೆ ಗಂಟೆಗಟ್ಟಲೆ ಕಾರು ಓಡಿಸಬೇಕಾಗುತ್ತದೆ.

## ಎಮಿಷನ್ ಟೆಸ್ಟಿನ ಭಯ

ವಿರೋಧಿಸುವವರ ಭಯವೂ ಸುಳ್ಳಲ್ಲ. ನಮ್ಮ ಗಾಡಿಗಳ ಎಮಿಷನ್ ಟೆಸ್ಟ್ ನೆನಪು ಮಾಡಿಕೊಳ್ಳಿ. ಯಾವ ಕೇಂದ್ರದಲ್ಲಿ ಬೇಕಾದರೂ ಮಾಡಿಸಬಹುದು. ಒಬ್ಬರು ಕಟ್ಟುನಿಟ್ಟಾಗಿ ನೋಡಿದರೆ ಜನ ಪಕ್ಕದವರ ಹತ್ತಿರ ಹೋಗುತ್ತಾರೆ. ಹೊಗೆ ನೋಡದೆಯೇ ಚೀಟಿ ಕೊಡುವವರು ಒಬ್ಬರಿದ್ದರೆ ಸಾಲು ಅಲ್ಲಿಗೇ ತಿರುಗುತ್ತದೆ. ಸರ್ಟಿಫಿಕೇಟ್ ಕೊಡುವವರು ಹಲವರಾದರೆ ಇಲ್ಲೂ ಹಾಗೇ ಆಗಬಹುದು, ಸುಲಭದ್ದೇ ಗೆಲ್ಲಬಹುದು ಎನ್ನುತ್ತಾರೆ ಅವರು. ಸಿಎಂಇ ಗಂಟೆ ಎಣಿಸಿದರೆ ಕೂತದ್ದು ಗೊತ್ತಾಗುತ್ತದೆ, ಕಲಿತದ್ದು ಗೊತ್ತಾಗುವುದಿಲ್ಲ ಎನ್ನುವುದು ಅವರ ಇನ್ನೊಂದು ಆಕ್ಷೇಪ. ಸಮ್ಮೇಳನದ ಹಿಂದಿನ ಸಾಲಿನಲ್ಲಿ ಕೂತು ಫೋನ್ ನೋಡಿದವರಿಗೂ ಗಂಟೆ ಸಿಗುತ್ತದೆ. ನನ್ನ ಲೆಕ್ಕದಲ್ಲಿ, ಆಯ್ಕೆ ಕೇಳುವವರು ಇನ್ನೂ ಗಟ್ಟಿಯಾಗಿ ಉತ್ತರಿಸಬೇಕಾದ ಪ್ರಶ್ನೆ ಇದು.

ಎಂಒಸಿ ಬಗ್ಗೆ ಇಷ್ಟು ಗಲಾಟೆ ಆಗದಿದ್ದರೆ ಹಳೆಯ ಬೋರ್ಡುಗಳು ಬದಲಾಗುತ್ತಿದ್ದವೋ ಇಲ್ಲವೋ. ಆದರೆ ಬದಲಾದದ್ದು ನಿಜ. ಅರಿವಳಿಕೆ ಬೋರ್ಡ್ 2014ರಲ್ಲೇ, ದೊಡ್ಡ ಪರೀಕ್ಷೆಯ ಬದಲು ಮೂರು ತಿಂಗಳಿಗೆ 30 ಪ್ರಶ್ನೆ, ಒಂದೊಂದಕ್ಕೆ ಒಂದು ನಿಮಿಷ ಎನ್ನುವ ವಿಧಾನ ಪ್ರಯತ್ನಿಸಿತು. ಎಬಿಐಎಂ 2022ರಲ್ಲಿ ಅಂಥದ್ದೇ ಶುರು ಮಾಡಿತು. ನಮ್ಮ ಅಕ್ಕ ಆ ರಾತ್ರಿ ಬರೆಯುತ್ತಿದ್ದದ್ದು ಅದೇ. ಮೂರು ತಿಂಗಳಿಗೆ 30 ಪ್ರಶ್ನೆ, ಐದು ವರ್ಷಕ್ಕೆ 600. ಪುಸ್ತಕ ತೆರೆದು ನೋಡಬಹುದು, ಇಂಟರ್ನೆಟ್ಟಿನಲ್ಲಿ ಹುಡುಕಬಹುದು, ಇನ್ನೊಬ್ಬರನ್ನು ಮಾತ್ರ ಕೇಳುವಂತಿಲ್ಲ. ತಪ್ಪಾದರೆ ಯಾಕೆ ತಪ್ಪು ಅಂತ ಅಲ್ಲೇ ವಿವರಣೆ ಬರುತ್ತದೆ. ಇಡೀ ದಿನ ಪರೀಕ್ಷಾ ಕೇಂದ್ರದಲ್ಲಿ ಕೂರುವುದಕ್ಕಿಂತ ಇದು ಎಷ್ಟೋ ವಾಸಿ ಎಂದಳು ಅಕ್ಕ. ಆದರೂ ಎಲ್ಲರಿಗೂ ಸಮಾಧಾನ ಆಗಲಿಲ್ಲ. 2023ರ ಬೇಸಿಗೆಯಲ್ಲಿ ಕ್ಯಾನ್ಸರ್ ತಜ್ಞರೊಬ್ಬರು ಎಂಒಸಿಯನ್ನೇ ತೆಗೆಯಿರಿ ಎಂದು ಶುರು ಮಾಡಿದ ಮನವಿಗೂ 20,000ಕ್ಕಿಂತ ಹೆಚ್ಚು ಸಹಿ ಬಿದ್ದವು.

## ಹೆಸರಿನ ಕೆಳಗಿನ ಸಾಲನ್ನು ಓದುವುದು ಹೇಗೆ?

ಇನ್ನು ಮೇಲೆ ‘ಅಮೆರಿಕನ್ ಬೋರ್ಡ್’ ಎಂದು ಕಂಡಾಗ ಕೆಲವು ವಿಷಯ ಗಮನಿಸಿ.

‘ಬೋರ್ಡ್ ಎಲಿಜಿಬಲ್’ ಎಂದಿದ್ದರೆ ಪರೀಕ್ಷೆ ಬರೆಯಲು ಅರ್ಹತೆ ಇದೆ, ಇನ್ನೂ ಪಾಸಾಗಿಲ್ಲ ಎಂದರ್ಥ. ‘ಬೋರ್ಡ್ ಸರ್ಟಿಫೈಡ್’ ಎಂದರೆ ಪಾಸಾಗಿದ್ದಾರೆ. ಯಾವ ವಿಭಾಗದಲ್ಲಿ ಎಂದು ನೋಡಬೇಕು, ಏಕೆಂದರೆ ಇಂಟರ್ನಲ್ ಮೆಡಿಸಿನ್ ಬೋರ್ಡ್ ಪಾಸಾದವರೆಲ್ಲ ಹೃದಯ ತಜ್ಞರಲ್ಲ, ಹೃದಯಕ್ಕೆ ಅದರ ಮೇಲೆ ಇನ್ನೊಂದು ಪರೀಕ್ಷೆ ಇದೆ. ಯಾವ ಸಂಸ್ಥೆಯ ಸರ್ಟಿಫಿಕೇಟ್ ಎಂಬುದನ್ನೂ ನೋಡಿ. ಎಬಿಎಂಎಸ್ ಬೋರ್ಡುಗಳ ಡಾಕ್ಟರುಗಳ ಹೆಸರನ್ನು ಅವರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ‘ಎಂಒಸಿಯಲ್ಲಿ ಭಾಗವಹಿಸುತ್ತಿಲ್ಲ’ ಎಂದು ಅಲ್ಲಿ ಕಂಡರೆ ಗಾಬರಿ ಬೇಡ. ಹಳೆಯ ಗ್ರ್ಯಾಂಡ್‌ಫಾದರ್ ಗುಂಪಿನವರಿಗೂ ಹಾಗೆ ಇರಬಹುದು, ಎನ್‌ಬಿಪಿಎಎಸ್ ಕಡೆ ಹೋದವರಿಗೂ ಇರಬಹುದು. ಬೆಂಗಳೂರಿಗೋ ಮೈಸೂರಿಗೋ ವಾಪಸ್ ಬಂದು ನೆಲೆಸಿದವರು ಅದನ್ನು ಮುಂದುವರಿಸದೆ ಬಿಟ್ಟಿರಬಹುದು. ಇಲ್ಲಿ ಚಿಕಿತ್ಸೆ ಕೊಡಲು ಅವರಿಗೆ ಬೇಕಾದದ್ದು ಇಲ್ಲಿನ ನೋಂದಣಿ. ಮೊದಲು ಕೇಳಬೇಕಾದದ್ದೂ ಅದನ್ನೇ.

ಆ ರಾತ್ರಿ ಅಕ್ಕ ಒಂದು ಪ್ರಶ್ನೆ ತಪ್ಪು ಮಾಡಿದಳು. ವಿವರಣೆ ಓದಿ, "ಅರೆ, ಇದು ಬದಲಾಗಿದ್ದು ನಂಗೆ ಗೊತ್ತೇ ಇರಲಿಲ್ಲ" ಎಂದು ಡೈರಿಯಲ್ಲಿ ಬರೆದುಕೊಂಡಳು. ಹಾಗಾದರೆ ಈ ಪರೀಕ್ಷೆ ಒಳ್ಳೆಯದೇ ಅಲ್ವಾ ಎಂದು ಕೇಳಿದೆ. "ಪ್ರಶ್ನೆ ಒಳ್ಳೆಯದೇ ಕಣೋ. ಇದನ್ನ ಕಲಿಯೋಕೆ ನಂಗೆ ಬೇಜಾರಿಲ್ಲ. ಉತ್ತರ ತಪ್ಪಾದ್ರೆ ಕೆಲಸ ಹೋಗುತ್ತೆ ಅನ್ನೋ ಭಯ ಇಟ್ಕೊಂಡು ಕಲಿಯೋದು ಬೇಜಾರು" ಎಂದು ಮುಂದಿನ ಪ್ರಶ್ನೆ ತೆರೆದಳು.